ಕ್ರಿಯಾಟಿನಿನ್ ಇಳಿಯಿತೆಂದು ಸಂತೋಷಪಡುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ. ಹಿಂದೆಯೂ ಉತ್ತರಿಸಿದ್ದೇನೆ, ಆದರೂ ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನಲ್ಲಿ ಕಾದು ಕುಳಿತವರ ಬಾಯಲ್ಲಿ, ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಇಳಿದರೆ ಕಿಡ್ನಿ ಚೇತರಿಸಿಕೊಂಡಂತೆ ಎಂಬ ಅದೇ ತಪ್ಪು ಸಮಾಧಾನದ ಮಾತು ಕೇಳಿಬರುತ್ತಲೇ ಇದೆ. ಆದ್ದರಿಂದ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. ಮಾಟುಂಗದ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಎರಡು ವರ್ಷಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಡ್ರೈ ವೇಟ್ (ಡಯಾಲಿಸಿಸ್‌ನಲ್ಲಿ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ವರ್ಷದಿಂದ 58 ಕಿಲೋದಲ್ಲೇ ನಿಂತಿದೆ. ಕ್ರಿಯಾಟಿನಿನ್ 10.5 ಇದ್ದದ್ದು 6.8ಕ್ಕೆ ಇಳಿದಿದೆ. ಕಿಡ್ನಿ ಚೇತರಿಸಿಕೊಳ್ಳುತ್ತಿದೆ, ವಾರಕ್ಕೆ ಎರಡು ಸಲ ಸಾಕು ಎಂದು ನೆಂಟರು ಹೇಳುತ್ತಾರೆ. ಆದರೆ ಈಗ ಅವರಿಗೆ ಸ್ಟೇಷನ್ನಿನ ಸೇತುವೆ ಹತ್ತಲಾಗುವುದಿಲ್ಲ, ಮಲಗಲು ಎರಡು ದಿಂಬು ಬೇಕು. ಏನು ಮಾಡಲಿ? (ಡೊಂಬಿವಲಿಯ ಓದುಗರು)

ಉತ್ತರ: ಡಯಾಲಿಸಿಸ್ ಕಡಿಮೆ ಮಾಡಬೇಡಿ. ಎರಡು ದಿಂಬಿನ ವಿಷಯವನ್ನು ನಾಳೆಯ ಸರದಿಯಲ್ಲೇ ವೈದ್ಯರಿಗೆ ತಿಳಿಸಿ. ಉಸಿರಾಟ ಅದಕ್ಕಿಂತ ಮೊದಲೇ ಕಷ್ಟವಾದರೆ ಸರದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ದೇಹದಲ್ಲಿ ಸ್ನಾಯು ಎಷ್ಟಿದೆಯೋ ಹೆಚ್ಚುಕಡಿಮೆ ಅದಕ್ಕೆ ತಕ್ಕಷ್ಟು ಕ್ರಿಯಾಟಿನಿನ್ ದಿನವೂ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಕೆಲಸ ಮಾಡುವವರಲ್ಲಿ ಅದು ಮೂತ್ರದ ಮೂಲಕ ಹೋಗುವುದರಿಂದ ಅದರ ಮಟ್ಟ ಕಿಡ್ನಿಯ ಸ್ಥಿತಿಯನ್ನು ಹೇಳುತ್ತದೆ. ಮೂತ್ರವೇ ನಿಂತುಹೋದವರಲ್ಲಿ, ಡಯಾಲಿಸಿಸ್‌ಗೆ ಮುಂಚೆ ತೆಗೆದ ರಕ್ತದ ಕ್ರಿಯಾಟಿನಿನ್ ಮುಖ್ಯವಾಗಿ ಸ್ನಾಯುವಿನ ಸ್ಥಿತಿಯನ್ನು ಹೇಳುತ್ತದೆ. 1990ರಲ್ಲಿ ಅಮೆರಿಕದ ಲೌರಿ ಮತ್ತು ಲ್ಯೂ ಹನ್ನೆರಡು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ರಕ್ತಪರೀಕ್ಷೆಗಳನ್ನು ಪರಿಶೀಲಿಸಿದಾಗ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಕಡಿಮೆ ಇದ್ದವರಲ್ಲಿ ಮಾತ್ರವಲ್ಲ, ಕ್ರಿಯಾಟಿನಿನ್ ಕಡಿಮೆ ಇದ್ದವರಲ್ಲೂ ಸಾವಿನ ಅಪಾಯ ಹೆಚ್ಚೆಂದು ಕಂಡುಬಂದಿತು. ಇಷ್ಟು ಹಳೆಯ ವಿಷಯವನ್ನು ಇಂದಿಗೂ ಯಾರೂ ಮನೆಯವರಿಗೆ ಬಿಡಿಸಿ ಹೇಳದಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಕಿಡ್ನಿ ಚೇತರಿಸಿಕೊಂಡು ಕ್ರಿಯಾಟಿನಿನ್ ಇಳಿಯುವುದೇ ಇಲ್ಲವೆಂದಲ್ಲ. ಹಾಗಾಗಿದ್ದರೆ ಮೂತ್ರ ಹೆಚ್ಚಿರಬೇಕು. ಎರಡು ಡಯಾಲಿಸಿಸ್‌ಗಳ ನಡುವಿನ ಮೂತ್ರವನ್ನೆಲ್ಲ ಸಂಗ್ರಹಿಸಿ ಕೊಟ್ಟರೆ ಸಂಶಯ ಅಲ್ಲಿಗೇ ಮುಗಿಯುತ್ತದೆ. ಎರಡೂ ವರದಿಗಳ ರಕ್ತವನ್ನು ಡಯಾಲಿಸಿಸ್‌ಗೆ ಮುಂಚೆಯೇ, ವಾರದ ಅದೇ ಸರದಿಯಲ್ಲಿ ತೆಗೆದಿದ್ದರೇ ಎಂಬುದನ್ನೂ ನೋಡಿಕೊಳ್ಳಿ. ಡಯಾಲಿಸಿಸ್ ಮುಗಿದ ಮೇಲೆ ತೆಗೆದ ರಕ್ತದಲ್ಲಿ ಅದು ಕಡಿಮೆ ಇರುವುದು ಸಹಜ.

ಇನ್ನು ತೂಕ. ತಕ್ಕಡಿ ಎಲ್ಲವನ್ನೂ ಕೂಡಿಸಿ ತೋರಿಸುತ್ತದೆ. ಅದರಲ್ಲಿ ಮಾಂಸವೆಷ್ಟು, ಕೊಬ್ಬೆಷ್ಟು, ನೀರೆಷ್ಟು ಎಂದು ಹೇಳುವುದಿಲ್ಲ. ವರ್ಷದಲ್ಲಿ ಮೂರು ಕಿಲೋ ಸ್ನಾಯು ಕರಗಿ, ಆ ಜಾಗದಲ್ಲಿ ಮೂರು ಕಿಲೋ ನೀರು ಉಳಿದರೂ ಡ್ರೈ ವೇಟ್ 58 ಎಂದೇ ಬರೆದುಕೊಳ್ಳುತ್ತಾರೆ. ಆ ನೀರು ರಕ್ತದೊತ್ತಡವನ್ನು ಏರಿಸುತ್ತದೆ, ಮಲಗಿದಾಗ ಎದೆಯಲ್ಲಿ ತುಂಬಿಕೊಳ್ಳುತ್ತದೆ. ನಿಮ್ಮ ಯಜಮಾನರ ಎರಡನೆಯ ದಿಂಬಿಗೆ ಇದೇ ಕಾರಣವಿರಬಹುದೆಂದು ನನ್ನ ಅನುಮಾನ. ಸ್ನಾಯು ಕರಗಿದವರ ಡ್ರೈ ವೇಟನ್ನು ಇಳಿಸಬೇಕು. ಇಳಿಸದಿದ್ದರೆ ಒಂದು ತೊಂದರೆ ಎರಡಾಗುತ್ತದೆ.

ಹಾಗಾದರೆ ಸ್ನಾಯುವನ್ನು ಅಳೆಯುವುದು ಹೇಗೆ? ಮೊದಲು ಕಣ್ಣಿನಿಂದ. ಕಣತಲೆ ಗುಳಿಬಿದ್ದಿದೆಯೇ, ಕೊರಳೆಲುಬು ಎದ್ದು ಕಾಣುತ್ತದೆಯೇ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಮಾಂಸ ಚಪ್ಪಟೆಯಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ನನ್ನ ರೋಗಿಯೊಬ್ಬರು ಲುಂಗಿ ಪದೇ ಪದೇ ಜಾರುತ್ತದೆಂದು ಬೆಲ್ಟಿಗೆ ಉಗುರಿನಷ್ಟು ದೂರದಲ್ಲಿ ಮೂರು ಹೊಸ ತೂತು ಮಾಡಿಸಿಕೊಂಡಿದ್ದರು. ತೂಕ ಮಾತ್ರ ಇನ್ನೂರು ಗ್ರಾಂ ಕೂಡ ಆಚೀಚೆ ಆಗಿರಲಿಲ್ಲ. ಆ ಬೆಲ್ಟು ನೋಡಿದ ಮೇಲೆ ಕೇವಲ ತೂಕದ ಅಂಕಿ ನೋಡಿ ಯಾರನ್ನೂ ಮನೆಗೆ ಕಳುಹಿಸಿಲ್ಲ.

ಆಮೇಲೆ ಅಳತೆಯ ಟೇಪು. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇಲ್ಲದ ಕೈಯಲ್ಲಿ, ಹೆಗಲಿನ ಎಲುಬಿನ ತುದಿಯಿಂದ ಮೊಣಕೈವರೆಗಿನ ಸರಿಮಧ್ಯದಲ್ಲಿ, ಡಯಾಲಿಸಿಸ್ ಮುಗಿದು ಅರ್ಧ ಗಂಟೆಯ ನಂತರ ರಟ್ಟೆಯ ಸುತ್ತಳತೆ ತೆಗೆಯಬೇಕು. ಅದರ ಹಿಂಬದಿಯ ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರ್ ಎಂಬ ಇಕ್ಕಳದಂಥ ಸಾಧನದಿಂದ ಅಳೆದು, 3.14ರಿಂದ ಗುಣಿಸಿ, ಸುತ್ತಳತೆಯಿಂದ ಕಳೆದರೆ ಸ್ನಾಯುವಿನ ಸುತ್ತಳತೆ ಸಿಗುತ್ತದೆ: ರಟ್ಟೆ 25 ಸೆಂ.ಮೀ., ಮಡಿಕೆ 1 ಸೆಂ.ಮೀ. ಇದ್ದರೆ ಸುಮಾರು 21.9. ಒಂದು ಸಲದ ಅಂಕಿಗಿಂತ ಮೂರು ತಿಂಗಳ ನಂತರದ ವ್ಯತ್ಯಾಸ ಮುಖ್ಯ. ಮೂರು ತಿಂಗಳಲ್ಲಿ ಶೇಕಡ 5ರಷ್ಟು ಅಥವಾ ಆರು ತಿಂಗಳಲ್ಲಿ ಶೇಕಡ 10ರಷ್ಟು ಸ್ನಾಯು ಕುಗ್ಗಿದರೆ ಗಂಭೀರವೆಂದು 2008ರಿಂದಲೂ ಅಂತರರಾಷ್ಟ್ರೀಯ ತಜ್ಞರ ಮಾನದಂಡವಿದೆ. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಆದರೆ ಕಾಲು ಊದಿಕೊಂಡವರಲ್ಲಿ ಈ ಅಳತೆಯನ್ನು ನಾನು ನಂಬುವುದಿಲ್ಲ.

ಗಾತ್ರಕ್ಕಿಂತ ಮೊದಲು ಕುಂದುವುದು ಬಲ. ಹಿಡಿತದ ಬಲವನ್ನು ಡೈನಮೋಮೀಟರಿನಲ್ಲಿ ನೋಡುತ್ತೇವೆ. 2019ರ ಏಷ್ಯಾದ ಮಾನದಂಡದಂತೆ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗಿಂತ ಕಡಿಮೆಯಾದರೆ ದುರ್ಬಲ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೂ ಹಾಗೆಯೇ. ಬಲದ ಪರೀಕ್ಷೆಗಳನ್ನು ಡಯಾಲಿಸಿಸ್‌ಗೆ ಮುಂಚೆ ಮಾಡಿಸಿ, ಮುಗಿದ ಮೇಲೆ ಬೇಡ. ಆಗ ರಕ್ತದೊತ್ತಡ ಕುಸಿದಿರುತ್ತದೆ, ಎದ್ದವರು ಬೀಳುತ್ತಾರೆ.

ಕಾರಣ ಹುಡುಕುವಾಗ ಮೊದಲು ನಿಮ್ಮ ಅಡುಗೆಮನೆಯ ಗೋಡೆ ನೋಡಿ. ಡಯಾಲಿಸಿಸ್ ಶುರುವಾಗುವ ಮುನ್ನ ಕೊಟ್ಟ ‘ಬೇಳೆ ಬೇಡ, ಮೊಟ್ಟೆ ಬೇಡ, ಮೀನು ಬೇಡ’ ಎಂಬ ಪಟ್ಟಿ ಇನ್ನೂ ಅಲ್ಲಿದ್ದರೆ ಇಂದೇ ತೆಗೆಯಿರಿ. ಪ್ರತಿ ಡಯಾಲಿಸಿಸ್‌ನಲ್ಲೂ ಪ್ರೋಟೀನಿನ ಘಟಕವಾದ ಅಮೈನೋ ಆಮ್ಲ 6ರಿಂದ 12 ಗ್ರಾಂ ಹೊರಗೆ ಹೋಗುತ್ತದೆ. 58 ಕಿಲೋ ತೂಕದವರಿಗೆ ದಿನಕ್ಕೆ 58ರಿಂದ 70 ಗ್ರಾಂ ಪ್ರೋಟೀನು ಬೇಕು. ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿಯಲ್ಲಿ ಐದು ಗ್ರಾಂ ಸಿಕ್ಕಿದರೆ ಹೆಚ್ಚು. ಮೇಲಾಗಿ ಗಂಜಿಯ ನೀರು ನೀರಿನ ಲೆಕ್ಕಕ್ಕೂ, ಉಪ್ಪಿನಕಾಯಿ ಬಾಯಾರಿಕೆಗೂ ಸೇರುತ್ತವೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ತಾಜಾ ಮೀನಿನಲ್ಲಿ ಸುಮಾರು 20 ಗ್ರಾಂ ಇದೆ. ಒಣಮೀನು ಉಪ್ಪಿನ ಕಾರಣಕ್ಕೆ ಬೇಡವೇ ಬೇಡ. ಫಾಸ್ಫರಸ್, ಪೊಟ್ಯಾಸಿಯಂ ನೋಡಿಕೊಂಡು ಪಟ್ಟಿ ಮಾಡಿಕೊಡುವುದು ಕೇಂದ್ರದ ಆಹಾರತಜ್ಞರ ಕೆಲಸ, ಕೇಳಿ ಮಾಡಿಸಿಕೊಳ್ಳಿ. ಊಟ ಸಾಕಷ್ಟಿದ್ದೂ ಸ್ನಾಯು ಕರಗುತ್ತಿದ್ದರೆ ರಕ್ತದ ಬೈಕಾರ್ಬೊನೇಟ್ (ಇದು ಇಳಿದರೆ ರಕ್ತದಲ್ಲಿ ಆಮ್ಲ ಹೆಚ್ಚಿದೆಯೆಂದರ್ಥ) 22ಕ್ಕಿಂತ ಕೆಳಗಿದೆಯೇ, ಡಯಾಲಿಸಿಸ್ ಸಾಕಾಗುತ್ತಿಲ್ಲವೇ, ಡಯಾಲಿಸಿಸ್‌ಗಾಗಿ ರಕ್ತನಾಳಕ್ಕೆ ಹಾಕಿದ ಕೊಳವೆಯಲ್ಲೋ (ಕ್ಯಾಥೆಟರ್) ಹಲ್ಲಿನ ಬುಡದಲ್ಲೋ ಸೋಂಕು ಅಡಗಿದೆಯೇ ಎಂದು ನೋಡುವಂತೆ ವೈದ್ಯರನ್ನು ಒತ್ತಾಯಿಸಿ.

ಪ್ರಶ್ನೆ: ಕ್ರಿಯಾಟಿನಿನ್ ಕರಗಿಸುವ ಗಿಡಮೂಲಿಕೆ ಪುಡಿಯಿಂದ ತಂದೆಯವರ ಅಂಕಿ ನಿಜಕ್ಕೂ ಇಳಿದಿದೆ. ಮುಂದುವರಿಸಬಹುದೇ? (ಭಾಂಡೂಪ್)

ಉತ್ತರ: ನಿಲ್ಲಿಸಿ. ಆ ಪುಡಿಯ ಜೊತೆ ಮಾರಿದವನು ಹೇಳಿದ ಪಥ್ಯದಿಂದ ನಿಮ್ಮ ತಂದೆಯ ಸ್ನಾಯು ಕರಗಿರಬಹುದು, ಅದನ್ನೇ ಅವನು ಗುಣವೆಂದು ತೋರಿಸಿ ಹಣ ಪಡೆಯುತ್ತಿದ್ದಾನೆ.

ಪ್ರಶ್ನೆ: ಜಿಮ್ ಅಂಗಡಿಯ ಪ್ರೋಟೀನು ಪುಡಿ ಕೊಡಬಹುದೇ? (ಮೀರಾರೋಡ್)

ಉತ್ತರ: ಬೇಡ, ಕಿಡ್ನಿ ರೋಗಿಗಳಿಗೆಂದೇ ತಯಾರಾದದ್ದನ್ನು, ಆಹಾರತಜ್ಞರು ಬರೆದ ಅಳತೆಯಲ್ಲಿ ಮಾತ್ರ ಕೊಡಿ.

ಪ್ರಶ್ನೆ: ಸ್ನಾಯು ಅಳೆಯಲು ಮೂರು ತಿಂಗಳಿಗೊಮ್ಮೆ ಡೆಕ್ಸಾ ಸ್ಕ್ಯಾನ್ (ಎಲುಬು, ಕೊಬ್ಬು, ಮಾಂಸ ಅಳೆಯುವ ಎಕ್ಸ್‌ರೇ) ಮಾಡಿಸಬೇಕೆ? (ಪುಣೆ)

ಉತ್ತರ: ಅಗತ್ಯವಿಲ್ಲ. ದೇಹದಲ್ಲಿ ನಿಂತ ನೀರನ್ನೂ ಡೆಕ್ಸಾ ಮಾಂಸದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಪ್ರಶ್ನೆ: ಅಮ್ಮ ದಿನವೂ ರಬ್ಬರ್ ಚೆಂಡು ಹಿಸುಕುತ್ತಾರೆ. ಸ್ನಾಯುವಿಗೆ ಅಷ್ಟು ವ್ಯಾಯಾಮ ಸಾಲದೇ? (ಠಾಣೆ)

ಉತ್ತರ: ಸಾಲದು. ಚೆಂಡು ಫಿಸ್ಟುಲಾಕ್ಕಾಗಿ, ನಡೆಯಲು ಬೇಕಾದ ಸ್ನಾಯು ತೊಡೆಯಲ್ಲಿದೆ. ಹೃದಯದ ತೊಂದರೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಗೋಡೆಗೆ ಒರಗಿಸಿದ ಕುರ್ಚಿಯಿಂದ ಎದ್ದು ಕೂರುವುದನ್ನು ಐದರಿಂದ ಶುರುಮಾಡಿಸಿ, ಮೊದಲ ಕೆಲವು ವಾರ ನೀವು ಪಕ್ಕದಲ್ಲೇ ನಿಂತಿರಿ.