ಹಿತ್ತಿಲ ಬಾಗಿಲು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಫೋನಿನಲ್ಲೇ ಪರಿಚಯವಾದ ಗೆಳೆಯರೊಬ್ಬರು ಒಳ್ಳೆ ತಳಿಯ ಹದಿನಾಲ್ಕು ಕೋಳಿಮೊಟ್ಟೆ ಕಳಿಸಿಕೊಟ್ಟರು. ಪೆಟ್ಟಿಗೆ ಬಂದ ದಿನವೇ, ಕಾವಿಗೆ ಕೂತಿದ್ದ ಹೇಟೆಯ ಕೆಳಗೆ ಇಟ್ಟೆವು. ಮರಿಯಾದದ್ದು ಮೂರೇ. ಮೊಟ್ಟೆ ಹಳೆಯದಿತ್ತೇ ಎಂದು ಅವರನ್ನು ಕೇಳಲು ಸಂಕೋಚ. ತಪ್ಪು ಎಲ್ಲಾಗಿರಬಹುದು?

ಉತ್ತರ: ಅವರನ್ನು ಕೇಳುವ ಮೊದಲು ಮರಿಯಾಗದ ಹನ್ನೊಂದನ್ನು ಒಡೆದು ನೋಡಬೇಕಿತ್ತು. ಎಸೆದಿದ್ದರೆ ಹೋಗಲಿ, ಮುಂದಿನ ಸಲ ಎಸೆಯಬೇಡಿ. ಒಡೆದಾಗ ಹಳದಿ ಹಾಗೆಯೇ ಇದ್ದು ಏನೂ ಬೆಳೆದಿರದಿದ್ದರೆ ಅದು ಹುಂಜನ ಸೇರಿಕೆಯಿಲ್ಲದ ಮೊಟ್ಟೆ, ಇಲ್ಲವೇ ಕಾವಿನ ಮೊದಲ ಗಂಟೆಗಳಲ್ಲೇ ಜೀವ ಹೋದದ್ದು. ಹಳದಿಯ ಸುತ್ತ ರಕ್ತದ ಉಂಗುರ ಕಂಡರೆ ಬೆಳೆಯಲು ಶುರುವಾಗಿ ಮೊದಲ ವಾರದಲ್ಲೇ ಸತ್ತದ್ದು. ಬಹಳ ದಿನ ಕೂಡಿಟ್ಟ ಮೊಟ್ಟೆ, ದಾರಿಯಲ್ಲಿ ತಗುಲಿದ ಬಿಸಿ, ಕುಲುಕಾಟ, ಈ ಮೂರರಲ್ಲಿ ಒಂದು ಕಾರಣ. ಮರಿ ಪೂರ್ತಿ ಬೆಳೆದು ಚಿಪ್ಪು ಕುಕ್ಕದೆ ಸತ್ತಿದ್ದರೆ ಕಳಿಸಿದವರ ತಪ್ಪಲ್ಲ. ಕೊನೆಯ ದಿನಗಳಲ್ಲಿ ಗೂಡು ತೀರಾ ಒಣಗಿರಬೇಕು, ಇಲ್ಲವೇ ಹೇಟೆ ಹೆದರಿ ಎದ್ದು ಮೊಟ್ಟೆ ತಣ್ಣಗಾಗಿರಬೇಕು.

ನಿಮ್ಮ ಪತ್ರದಲ್ಲಿ ‘ಬಂದ ದಿನವೇ’ ಎಂಬ ಮಾತು ಕಣ್ಣಿಗೆ ಬಿತ್ತು. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಒಂದು ಚಿಕ್ಕ ಕೋಣೆ ಇರುತ್ತದೆ. ಪ್ರಯಾಣದ ಕುಲುಕಾಟಕ್ಕೆ ಅದರ ಪೊರೆ ಸಡಿಲವಾಗುತ್ತದೆ. ಬಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ 12ರಿಂದ 24 ಗಂಟೆ ತಂಪಾದ ಜಾಗದಲ್ಲಿ ಅಲುಗಿಸದೆ ಇಟ್ಟರೆ ಕೋಣೆ ತನ್ನ ಜಾಗಕ್ಕೆ ಕೂರುತ್ತದೆ. ಆಮೇಲಷ್ಟೇ ಕಾವಿಗೆ. ಇಷ್ಟು ಮಾಡಿದರೂ ದೂರದಿಂದ ಬಂದದ್ದರಲ್ಲಿ ಅರ್ಧದಷ್ಟು ಮರಿಯಾದರೆ ಖುಷಿಪಡಿ.

ಇನ್ನೊಂದು, ಹದಿನಾಲ್ಕು ಹೆಚ್ಚಾಯಿತು. ಸಾಧಾರಣ ಗಾತ್ರದ ಹೇಟೆಯ ರೆಕ್ಕೆಯಡಿ ಎಂಟರಿಂದ ಹನ್ನೆರಡು ಹಿಡಿಯುತ್ತವೆ. ಅದಕ್ಕಿಂತ ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ಹೇಟೆ ಮೊಟ್ಟೆಗಳನ್ನು ಆಗಾಗ ಹೊರಳಿಸಿ ಜಾಗ ಬದಲಿಸುವುದರಿಂದ ಇಂದು ಒಂದು, ನಾಳೆ ಇನ್ನೊಂದು ಹೀಗೆ ಸರದಿಯಂತೆ ತಣಿದು, ಕೆಡುವುದು ಎರಡೇ ಆಗಿರುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಕಳಿಸುವವರಿಗೆ ಮೊದಲೇ ಹೇಳಿ: ಇಟ್ಟು ಏಳು ದಿನ ದಾಟಿರಬಾರದು, ತೊಳೆದಿರಬಾರದು, ಫ್ರಿಜ್ಜಿನಲ್ಲಿ ಇಟ್ಟಿರಬಾರದು. ಕೂಡಿಡಲು 13ರಿಂದ 18 ಡಿಗ್ರಿ ಹಿತ. ತೊಳೆದರೆ ಚಿಪ್ಪಿನ ಮೇಲಿನ ಕಣ್ಣಿಗೆ ಕಾಣದ ಲೇಪ ಹೋಗಿ ರಂಧ್ರಗಳಿಂದ ಕೊಳೆ ಒಳಗೆ ಇಳಿಯುತ್ತದೆ. ಗೂಡಿಗೆ ಸುಮಾರು 35 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಸಾಕು. ತಳಕ್ಕೆ ತುಸು ತೇವದ ಮಣ್ಣು ಹಾಕಿ ಬಟ್ಟಲಿನ ಹಾಗೆ ತಗ್ಗು ಮಾಡಿ, ಮೇಲೆ ಒಣ ಹುಲ್ಲು ಹಾಸಿ. ಮೊಟ್ಟೆಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಕತ್ತಲಾದ ಮೇಲೆ ಎಲ್ಲವನ್ನೂ ಒಟ್ಟಿಗೇ ಇಡಿ. ಬೇರೆ ಕೋಳಿಗಳು ಅದೇ ಗೂಡಿಗೆ ಬಂದು ಮೊಟ್ಟೆಯಿಟ್ಟು ಹೋಗುವುದುಂಟು. ಗುರುತಿಲ್ಲದ್ದನ್ನು ದಿನವೂ ತೆಗೆಯದಿದ್ದರೆ ಒಂದೊಂದು ಒಂದೊಂದು ದಿನ ಒಡೆದು, ಮೊದಲ ಮರಿಗಳ ಹಿಂದೆ ಹೇಟೆ ಎದ್ದು ಹೋಗಿಬಿಡುತ್ತದೆ.

ಏಳನೇ ದಿನ ರಾತ್ರಿ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿ. ಜೇಡದ ಕಾಲಿನಂತೆ ನರಗಳು ಹರಡಿದ್ದರೆ ಜೀವ ಇದೆ, ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. ಹದಿನಾಲ್ಕನೇ ದಿನ ಇನ್ನೊಮ್ಮೆ. ಹದಿನೆಂಟರ ನಂತರ ಮುಟ್ಟಬೇಡಿ. 21ನೇ ದಿನ ಮರಿ (ಬಾತುಮೊಟ್ಟೆಯಾದರೆ 28). ಹೇಟೆ ದಿನಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ ಎದ್ದು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಬರಬೇಕು. ಅದು ಪದೇಪದೇ ಎದ್ದು ನಿಲ್ಲುತ್ತಿದ್ದರೆ ಹೇಟೆಯನ್ನು ಬೈಯಬೇಡಿ, ರಾತ್ರಿ ಗೂಡಿನ ಸಂದುಗಳಿಗೆ ಟಾರ್ಚು ಬಿಡಿ. ರಕ್ತ ಹೀರುವ ಸಣ್ಣ ನುಸಿಗಳು ಹಗಲೆಲ್ಲ ಅಲ್ಲಿ ಅಡಗಿದ್ದು ಕತ್ತಲಲ್ಲಿ ಹೊರಬರುತ್ತವೆ.

ಪ್ರಶ್ನೆ: ಮರಿ ಚಿಪ್ಪು ಕುಕ್ಕಿ ಆರು ಗಂಟೆಯಾದರೂ ಹೊರಬಂದಿಲ್ಲ. ಬಿಡಿಸಬಹುದೇ?

ಉತ್ತರ: ಬೇಡ. ಕುಕ್ಕಿದ ಮೇಲೆ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಪೊರೆಯ ರಕ್ತನಾಳಗಳು ಒಣಗುತ್ತಿರುತ್ತವೆ. ಅವಸರದಲ್ಲಿ ಸಿಪ್ಪೆ ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಹೊರಬಂದ ಮರಿಗೆ ಆ ಹಳದಿಯೇ ಎರಡು ದಿನದ ಬುತ್ತಿ, ಹಾಗಾಗಿ ಕಾಳಿನ ಗಡಿಬಿಡಿಯೂ ಬೇಡ. ನೀರಿನ ತಟ್ಟೆಯಲ್ಲಿ ಮಾತ್ರ ಬೆಣಚುಕಲ್ಲು ತುಂಬಿಡಿ. ಬೆರಳುದ್ದ ನೀರಿನಲ್ಲಿ ಮುಳುಗುವ ಮರಿಗಳೂ ಇವೆ.

ಪ್ರಶ್ನೆ: ಗೊಬ್ಬರದ ಗುಡ್ಡೆ ವಾಸನೆ ಹೊಡೆಯುತ್ತಿದೆ. ಬೂದಿ ಹಾಕಿದರೆ ಆದೀತೇ?

ಉತ್ತರ: ಯಾವ ವಾಸನೆ ಎಂದು ನೀವು ಬರೆದಿಲ್ಲ, ಉತ್ತರ ನಿಂತಿರುವುದು ಅದರ ಮೇಲೆ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆಯಾದರೆ ಹಸಿ ಹೆಚ್ಚಾಗಿದೆ: ಸಗಣಿ, ಹಸಿಹುಲ್ಲು, ತರಕಾರಿ ಸಿಪ್ಪೆ. ತರಗೆಲೆ, ಒಣಹುಲ್ಲು, ಮರದ ಹೊಟ್ಟು ಬೆರೆಸಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಒಳಗೆ ಗಾಳಿಯಿಲ್ಲ, ನೀರು ನಿಂತಿದೆ; ಗುಡ್ಡೆ ಬಿಚ್ಚಿ ತಿರುವಿಹಾಕಿ, ನಡುವೆ ಕಡ್ಡಿಕಸ ಸೇರಿಸಿ. ಹದ ನೋಡಲು ಒಂದು ಹಿಡಿ ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಹೆಚ್ಚು. ಬೂದಿ ಬೇಡ. ಅದರ ಕ್ಷಾರಕ್ಕೆ ಸಾರಜನಕ ಇನ್ನಷ್ಟು ಅಮೋನಿಯಾವಾಗಿ ಹಾರಿಹೋಗುತ್ತದೆ; ವಾಸನೆ ಹೆಚ್ಚುತ್ತದೆ, ಗೊಬ್ಬರದ ಕಸುವು ಇಳಿಯುತ್ತದೆ.

ಪ್ರಶ್ನೆ: ದೂರದ ಗೆಳೆಯರ ಜೊತೆ ಅಂಚೆಯಲ್ಲಿ ತರಕಾರಿ ಬೀಜ ಬದಲಾಯಿಸಿಕೊಳ್ಳುತ್ತೇವೆ. ನಾನು ಕಳಿಸಿದ ಅವರೆಗೆ ಹುಳು ಬಿತ್ತಂತೆ, ಕುಂಬಳದಲ್ಲಿ ಒಂದೊಂದು ಬಳ್ಳಿಗೆ ಒಂದೊಂದು ತರದ ಕಾಯಿ ಬಂತಂತೆ. ನಾಚಿಕೆಯಾಗಿದೆ.

ಉತ್ತರ: ಎರಡೂ ಬೇರೆಬೇರೆ ರೋಗ. ಅವರೆಯ ಹುಳು ಅಂಚೆಯಲ್ಲಿ ಬಿದ್ದದ್ದಲ್ಲ, ಕಾಯಿ ಗಿಡದಲ್ಲಿದ್ದಾಗಲೇ ಮೊಟ್ಟೆಯ ರೂಪದಲ್ಲಿ ಸೇರಿದ್ದು. ಬೀಜವನ್ನು ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ಡಬ್ಬಿ ಕೋಣೆಯ ಬಿಸಿಗೆ ಬಂದಮೇಲೆ ತೆರೆಯಿರಿ, ಇಲ್ಲದಿದ್ದರೆ ತಣ್ಣನೆ ಬೀಜದ ಮೇಲೆ ಬೆವರು ಕೂರುತ್ತದೆ. ಒಣಗಿದ್ದು ಸಾಕೇ ಎಂದು ತಿಳಿಯಲು ಕಾಳಿಗೆ ಸುತ್ತಿಗೆಯ ಪೆಟ್ಟು ಕೊಡಿ. ಪುಡಿಯಾಗಿ ಸಿಡಿದರೆ ಒಣಗಿದೆ, ಚಪ್ಪಟೆಯಾದರೆ ಇಲ್ಲ. ಹಸಿ ಬೀಜವನ್ನು ಫ್ರೀಜರಿನಲ್ಲಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಹುಳುವಿನ ಜೊತೆ ಮೊಳಕೆಯೂ ಸಾಯುತ್ತದೆ.

ಕುಂಬಳದ ಕಥೆಗೆ ಜೇನುಹುಳ ಕಾರಣ. ಒಂದೇ ಜಾತಿಯ ಎರಡು ತಳಿ ಹತ್ತಿರ ಹೂಬಿಟ್ಟರೆ ಪರಾಗ ಬೆರೆಯುತ್ತದೆ. ಆ ವರ್ಷದ ಕಾಯಿಯಲ್ಲಿ ಏನೂ ಕಾಣುವುದಿಲ್ಲ, ಅದರ ಬೀಜ ಬಿತ್ತಿದವರಿಗೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ನಿಮಗೆ ತಿಳಿಯದೆ ಹೋದದ್ದು ಸಹಜ. ನಾಳೆ ಬೆಳಿಗ್ಗೆ ಅರಳುವ ಹೆಣ್ಣುಹೂವಿನ ಮೊಗ್ಗು (ತೊಟ್ಟಿನಲ್ಲಿ ಪುಟ್ಟ ಕಾಯಿ ಇರುವುದು) ಮತ್ತು ಒಂದೆರಡು ಗಂಡುಮೊಗ್ಗುಗಳ ಬಾಯಿಗೆ ಹಿಂದಿನ ಸಂಜೆಯೇ ದಾರ ಕಟ್ಟಿ. ಬೆಳಿಗ್ಗೆ ಬೇಗ ಗಂಡುಹೂವನ್ನು ಕಿತ್ತು ಎಸಳು ಹರಿದು, ಅದರ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಸವರಿ, ಹೆಣ್ಣುಹೂವಿನ ಬಾಯಿ ಮತ್ತೆ ಕಟ್ಟಿ. ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ. ಆ ಕಾಯಿಯ ಬೀಜವಷ್ಟೇ ಕಳಿಸುವುದು. ಟೊಮೆಟೊ, ಬೀನ್ಸ್ ಬಹುಪಾಲು ತಮ್ಮ ಹೂವಿನೊಳಗೇ ಪರಾಗ ಮುಗಿಸಿಕೊಳ್ಳುವುದರಿಂದ ಈ ತಾಪತ್ರಯ ಅಷ್ಟಿಲ್ಲ. ಹೈಬ್ರಿಡ್ ಗಿಡದ ಬೀಜ ಮಾತ್ರ ಯಾರಿಗೂ ಕಳಿಸಬೇಡಿ, ತಾಯಿಯಂತೆ ಬರುವುದಿಲ್ಲ.

ಕಳಿಸುವ ಮೊದಲು ಹತ್ತು ಬೀಜ ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡಿ. ಎಂಟು ಮೊಳೆತರೆ ಧೈರ್ಯವಾಗಿ ಕಳಿಸಿ. ನಾಲ್ಕು ಮೊಳೆತರೆ ಚೀಟಿಯಲ್ಲಿ ಹಾಗೆಂದು ಬರೆಯಿರಿ, ಅವರು ಒತ್ತಾಗಿ ಬಿತ್ತುತ್ತಾರೆ. ಪೊಟ್ಟಣ ಕಾಗದದ್ದೇ ಇರಲಿ, ಮೇಲೆ ತಳಿಯ ಹೆಸರು, ಕೊಯ್ದ ತಿಂಗಳು ಮತ್ತು ವರ್ಷ. ಈರುಳ್ಳಿ ಬೀಜ ಒಂದು ವರ್ಷಕ್ಕೇ ಸೊರಗುತ್ತದೆ, ಟೊಮೆಟೊ ಸರಿಯಾಗಿಟ್ಟರೆ ನಾಲ್ಕು ವರ್ಷ ತಾಳುತ್ತದೆ. ಬೀಜದಲ್ಲಿನ ತೇವ ಶೇಕಡಾ ಒಂದು ಇಳಿದರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಇಮ್ಮಡಿ ಎಂಬ ಲೆಕ್ಕ ಬೀಜ ಕಾಯುವವರಲ್ಲಿದೆ. ಬೇರೆ ದೇಶದ ಗೆಳೆಯರಾದರೆ ಹೆಚ್ಚಿನ ಕಡೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಸುಮ್ಮನೆ ಲಕೋಟೆಯಲ್ಲಿ ಹಾಕಿ ಕಳಿಸಬೇಡಿ.

ಪ್ರಶ್ನೆ: ಮಳೆನೀರು ನುಗ್ಗಿ ಬಾವಿ ಕದಡಿದೆ. ಎರಡು ಹಿಡಿ ಬ್ಲೀಚಿಂಗ್ ಪುಡಿ ಎಸೆದೆವು. ಕುಡಿಯಬಹುದೇ?

ಉತ್ತರ: ಸದ್ಯಕ್ಕೆ ಬೇಡ, ಕುದಿಸಿ ಕುಡಿಯಿರಿ. ಕದಡಿದ ನೀರಿನ ಮಣ್ಣು, ಕಸವೇ ಕ್ಲೋರಿನ್ನನ್ನು ನುಂಗಿಹಾಕುತ್ತದೆ. ಮೊದಲು ಕೆಸರುನೀರು ಎತ್ತಿ ಹೊರಚೆಲ್ಲಿ, ಹೊಸ ನೀರು ಊರಿ ತಿಳಿಯಾಗಲಿ.

ಆಮೇಲೆ ಅಳತೆ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ, ಅಂದರೆ 70 ಗ್ರಾಂ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೆತ್ತಗೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ ಕದಡಿ, ಹತ್ತು ನಿಮಿಷ ಬಿಡಿ. ತಳಕ್ಕೆ ಕೂರುವುದು ಸುಣ್ಣ, ಅದು ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ನೀರಿನಡಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ನೀವು ಎಸೆದ ಎರಡು ಹಿಡಿ ಈ ಬೆರಕೆಯಿಲ್ಲದೆ ಹೆಚ್ಚಿನಂಶ ತಳ ಸೇರಿರುತ್ತದೆ.

ಒಂದು ಗಂಟೆಯ ನಂತರ ಪರೀಕ್ಷಾಪಟ್ಟಿಯಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲವೆಂದರೆ ಕೊಳೆ ಇನ್ನೂ ಇದೆ, ಮತ್ತೊಮ್ಮೆ ಹಾಕಿ. ರಾತ್ರಿ ಹಾಕಿದರೆ ಯಾರೂ ಸೇದುವುದಿಲ್ಲ, ಬೆಳಗಿನವರೆಗೆ ಸಮಯ ಸಿಗುತ್ತದೆ. ತೇವ ತಗುಲಿ ಗಟ್ಟಿಯಾದ ಹಳೇ ಪುಡಿಯಲ್ಲಿ ಕಸುವಿರುವುದಿಲ್ಲ. ಡೀಸೆಲ್ಲೋ ಗದ್ದೆಯ ಕೀಟನಾಶಕವೋ ಸೇರಿದೆ ಎಂಬ ಅನುಮಾನವಿದ್ದರೆ ಈ ಲೆಕ್ಕ ಯಾವುದೂ ನಡೆಯದು. ಕುದಿಸಿದರೂ ಹೋಗುವುದಿಲ್ಲ, ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ.

ಪ್ರಶ್ನೆ: ಕೊಡಲಿಯ ಕಾವು ಸಡಿಲವಾದಾಗಲೆಲ್ಲ ನೀರಿನಲ್ಲಿ ನೆನೆಹಾಕುತ್ತೇವೆ. ಈಗ ವಾರವೂ ನಿಲ್ಲುತ್ತಿಲ್ಲ.

ಉತ್ತರ: ನೆನೆಹಾಕಿದ್ದೇ ಕಾರಣ. ಮರ ಉಬ್ಬಿದಾಗ ಸುತ್ತ ಕಬ್ಬಿಣವಿರುವುದರಿಂದ ಅದರ ಎಳೆಗಳು ತಾವೇ ನಜ್ಜುಗುಜ್ಜಾಗುತ್ತವೆ. ಒಣಗಿದಾಗ ಮೊದಲಿಗಿಂತ ಸಣ್ಣಗಾಗುತ್ತದೆ. ಪ್ರತಿ ನೆನೆಸುವಿಕೆಗೂ ಇನ್ನಷ್ಟು ಸಡಿಲ. ಕಾವನ್ನು ಹೊರತೆಗೆದು ನೆರಳಲ್ಲಿ ಪೂರ್ತಿ ಒಣಗಿಸಿ. ಕಾವಿನ ತಲೆ ಸೀಳಿಲ್ಲದಿದ್ದರೆ ನಜ್ಜಾದ ಭಾಗ ಕತ್ತರಿಸಿ, ಹೊಸದಾಗಿ ಕೆತ್ತಿ ಕೂರಿಸಿ. ಮೇಲ್ತುದಿಯಲ್ಲಿ ತೂತಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಸೀಳು ಗರಗಸದಲ್ಲಿ ಕೊಯ್ದು, ಒಣ ಗಟ್ಟಿಮರದ ಬೆಣೆ ಹೊಡೆಯಿರಿ. ಬೆಣೆಗೆ ಮೊದಲು ಕೊಡಲಿಯನ್ನು ತಲೆ ಕೆಳಗಾಗಿ ಗಾಳಿಯಲ್ಲಿ ಹಿಡಿದು ಕಾವಿನ ಬುಡಕ್ಕೆ ಬಡಿದರೆ ತಲೆ ತಾನಾಗಿ ಮೇಲೇರಿ ಬಿಗಿಯುತ್ತದೆ, ಆಮೇಲೆ ಬೆಣೆ. ಕೊನೆಗೆ ಕಾವಿನ ತುದಿಗೆ ಅಗಸೆ ಎಣ್ಣೆ ಉಣಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರಡಿ ಒಣಗಿಸಿ.