ವಾಯಿದೆ ಸಿಗಲಿಲ್ಲವೆಂದು ಕೇಸು ವರ್ಗಾಯಿಸಬಹುದೇ?

ವಾಯಿದೆ (ವಿಚಾರಣೆಯ ಮುಂದೂಡಿಕೆ) ಕೊಡದೆ ಗದರಿದ ಮ್ಯಾಜಿಸ್ಟ್ರೇಟರಿಂದ ಕೇಸನ್ನು ಬೇರೆ ನ್ಯಾಯಾಲಯಕ್ಕೆ ಹಾಕಿಸಲು ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಅವರನ್ನು ಕೇಳಬಹುದೇ ಎಂದಿದ್ದೀರಿ. ಹಿಂದೆ ನಾನೂ ಇದೇ ಹಟ ಹಿಡಿದಿದ್ದೆ. ಬದುವಿನ ಜಗಳದಲ್ಲಿ ನಾವು ಕೊಟ್ಟ ದೂರು ಒಂದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿಯೂ, ಅದೇ ಹೊಡೆದಾಟದ ಬಗ್ಗೆ ದಾಯಾದಿಗಳು ನಮ್ಮ ಮೇಲೆ ಕೊಟ್ಟ ದೂರು ಪಕ್ಕದ ಇನ್ನೊಂದರಲ್ಲಿಯೂ ನಡೆಯುತ್ತಿದ್ದವು.

ಎರಡನೆಯ ಕೇಸಿನಲ್ಲಿ ವಾಯಿದೆ ಸಿಗಲಿಲ್ಲವೆಂಬ ಸಿಟ್ಟಿಗೆ ಸೆಷನ್ಸ್ ನ್ಯಾಯಾಧೀಶರ ಮುಂದೆ ವರ್ಗಾವಣೆ ಅರ್ಜಿ ಹಾಕಿದೆ. ಮ್ಯಾಜಿಸ್ಟ್ರೇಟರು ಎದುರು ವಕೀಲರತ್ತ ನಕ್ಕದ್ದು, ನಮ್ಮವರ ಮಾತನ್ನು ಅರ್ಧಕ್ಕೆ ತಡೆದದ್ದು, ಇಂಥವನ್ನೆಲ್ಲ ವಕೀಲರು ಬೇಡವೆಂದರೂ ಪ್ರಮಾಣಪತ್ರದಲ್ಲಿ ಪುಟಗಟ್ಟಲೆ ಬರೆಸಿದೆ. ಒಂದೇ ಘಟನೆಯ ಕೇಸು ಮತ್ತು ಪ್ರತಿಕೇಸು ಎರಡು ಕಡೆ ನಡೆಯುತ್ತಿವೆ ಎಂಬ ನಿಜವಾದ ಕಾರಣ ಮಾತ್ರ ಕೊನೆಯಲ್ಲಿ ಒಂದು ಸಾಲಾಗಿ ಉಳಿಯಿತು, ವಾದದಲ್ಲಿ ಅದನ್ನು ಯಾರೂ ಎತ್ತಲೂ ಇಲ್ಲ. ಪ್ರತಿಕೂಲ ಆದೇಶ ಬಂದ ಮಾತ್ರಕ್ಕೆ ಪಕ್ಷಪಾತವಾಗುವುದಿಲ್ಲವೆಂದು ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಪ್ರತಿಕೇಸಿನಲ್ಲಿ ನೆರೆಮನೆಯವರ ಪಾಟೀಸವಾಲು ಮುಗಿದು, ಮೊದಲು ಯಾರು ಕೈಯೆತ್ತಿದರು ಎಂಬ ನಮ್ಮ ವಾದವೆಲ್ಲ ಬಯಲಾಗಿ, ನಮ್ಮ ಕೇಸಿನ ಹೊತ್ತಿಗೆ ಎದುರಾಳಿಗಳು ಉತ್ತರ ಸಿದ್ಧಮಾಡಿಕೊಂಡಿದ್ದರು.

ಆಮೇಲೆ ಹೊಸ ವಕೀಲರು ಯಾರನ್ನೂ ದೂರದೆ, ಎರಡೂ ಎಫ್‌ಐಆರ್‌ಗಳನ್ನು ಲಗತ್ತಿಸಿ ಸಿಜೆಎಂ ಅವರಿಗೆ ಚಿಕ್ಕ ಅರ್ಜಿ ಕೊಟ್ಟರು. ದಂಡ ಪ್ರಕ್ರಿಯಾ ಸಂಹಿತೆಯ 410ನೇ ಕಲಮಿನಡಿ ಸಿಜೆಎಂ ಅವರು ಒಂದನ್ನು ಹಿಂಪಡೆದು ಇನ್ನೊಂದಿದ್ದ ನ್ಯಾಯಾಲಯಕ್ಕೇ ಒಪ್ಪಿಸಿದರು. ಕೇಸು ಮತ್ತು ಪ್ರತಿಕೇಸನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ವಿಚಾರಿಸಬೇಕು, ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಬೆರೆಸಬಾರದು ಎಂದು ಸುಪ್ರೀಂ ಕೋರ್ಟು 1990ರ ನಾಥಿ ಲಾಲ್ ಪ್ರಕರಣದಲ್ಲಿ ಹೇಳಿತ್ತು.

ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಅಧಿಕಾರ 450ನೇ ಕಲಮಿನಲ್ಲಿದೆ. ಕಾರಣಗಳನ್ನು ಬರೆದೇ ಆದೇಶ ಮಾಡಬೇಕು. ಆದರೆ ಸಿಜೆಎಂ ಅವರ ಕೈ ತಮ್ಮ ಅಧೀನದ ಮ್ಯಾಜಿಸ್ಟ್ರೇಟರವರೆಗೆ ಮಾತ್ರ. ಬೇರೆ ಜಿಲ್ಲೆಗೆ ಹೈಕೋರ್ಟು, ಬೇರೆ ರಾಜ್ಯಕ್ಕೆ ಸುಪ್ರೀಂ ಕೋರ್ಟು. ಒಂದೇ ಸೆಷನ್ಸ್ ವಿಭಾಗದೊಳಗಿನ ವರ್ಗಾವಣೆಗೆ ಸೆಷನ್ಸ್ ನ್ಯಾಯಾಧೀಶರು ಇಲ್ಲವೆನ್ನದೆ ಹೈಕೋರ್ಟಿಗೆ ಹೋಗುವಂತಿಲ್ಲ.

ನೀವು ಹೇಳಿದ್ದರಲ್ಲಿ ಪಕ್ಷಪಾತ ನನಗೆ ಕಾಣುತ್ತಿಲ್ಲ, ವಾಯಿದೆ ಸಿಗದ ಬೇಸರವಷ್ಟೇ ಕಾಣುತ್ತಿದೆ, ಅರ್ಜಿ ಹಾಕಬೇಡಿ. ಹಾಕಿಯೇ ತೀರುವಿರಾದರೆ, ಅರ್ಜಿ ಬಾಕಿಯಿದೆ ಎಂಬ ಕಾರಣಕ್ಕೆ ವಿಚಾರಣೆ ತಾನಾಗಿ ನಿಲ್ಲುವುದಿಲ್ಲ, ಮುಂದಿನ ತಾರೀಖಿಗೆ ಸಾಕ್ಷಿಗಳ ಸಮೇತ ಹಾಜರಿರಿ.