ಕಳುಹಿಸಿದ್ದು ತಲುಪದಿದ್ದರೆ ಏನು ಮಾಡುತ್ತೀರಿ?

ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತವೆ: ಒಂದೇ ಲ್ಯಾನ್‌ನಲ್ಲಿ, ಅಂದರೆ ಒಂದೇ ಸ್ಥಳೀಯ ಜಾಲದಲ್ಲಿ, ಇರುವ ಕಂಪ್ಯೂಟರ್‌ಗಳ ಪ್ರೋಗ್ರಾಂಗಳು ಪರಸ್ಪರ ಮಾತಾಡುವುದು ಹೇಗೆ? ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನಷ್ಟೇ ಕೈಗೆತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಪ್ರಯೋಗಾಲಯದಲ್ಲಿ ಆರು ಕಂಪ್ಯೂಟರ್‌ಗಳು ಒಂದೇ ಸ್ವಿಚ್‌ಗೆ ಜೋಡಣೆಯಾಗಿವೆ. ಒಂದು ಕಂಪ್ಯೂಟರ್ ಕುಲುಮೆಯ ಉಷ್ಣತೆಯನ್ನು ಸೆಕೆಂಡಿಗೆ ಹತ್ತು ಬಾರಿ ಅಳೆಯುತ್ತದೆ. ಉಳಿದ ಐದರ ಪರದೆಗಳಲ್ಲಿ ಅದು ಕಾಣಬೇಕು. ಯಾವ ಪರದೆಯಿಂದ ‘ನಿಲ್ಲಿಸು’ ಒತ್ತಿದರೂ ಕುಲುಮೆ ನಿಲ್ಲಬೇಕು. ಈಗ ಹಂಚಿಕೆಯ ಫೋಲ್ಡರ್‌ನಲ್ಲಿ ಒಂದು ಫೈಲ್ ಬರೆದಿಟ್ಟು, ಉಳಿದವು ಅದನ್ನು ಓದುವಂತೆ ಮಾಡಿದ್ದೇನೆ. ಆಗಾಗ ಅರ್ಧ ಸಾಲು ಮಾತ್ರ ಸಿಗುತ್ತದೆ. ಟಿಸಿಪಿ, ಯುಡಿಪಿ, ಎಚ್‌ಟಿಟಿಪಿ, ಇವುಗಳಲ್ಲಿ ಯಾವುದು ವೇಗ?

ಉತ್ತರ: ವೇಗದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಮೂರೂ ಜಾಲದ ಮೇಲೆ ಮಾತಾಡುವ ಕಟ್ಟುಪಾಡುಗಳು; ಸೆಕೆಂಡಿಗೆ ಹತ್ತು ಅಂಕಿಗಳನ್ನು ಸಾಗಿಸುವುದಕ್ಕೆ ಇವುಗಳಲ್ಲಿ ಯಾವುದೂ ಬೆವರುವುದಿಲ್ಲ. ನಾನು ನಿಮ್ಮನ್ನು ಕೇಳುವುದು ಬೇರೆ: ಸಂದೇಶವೊಂದು ದಾರಿಯಲ್ಲಿ ಕಳೆದುಹೋದರೆ ನೀವು ಏನು ಮಾಡುತ್ತೀರಿ?

ಉಷ್ಣತೆಯ ವಿಷಯದಲ್ಲಿ ನಿಮ್ಮ ಉತ್ತರ, ಏನೂ ಮಾಡುವುದಿಲ್ಲ. ಒಂದು ಅಳತೆ ತಪ್ಪಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದಕ್ಕಿಂತ ಹೊಸದು ಬರುತ್ತದೆ. ಹಳೆಯದನ್ನು ಹುಡುಕಿ ತಂದು ಯಾರಿಗೂ ಲಾಭವಿಲ್ಲ. ಟಿಸಿಪಿ ಆ ಹುಡುಕಾಟವನ್ನೇ ಮಾಡುತ್ತದೆ: ಕಳೆದ ಪ್ಯಾಕೆಟ್ (ಜಾಲದಲ್ಲಿ ಸಾಗುವ ಒಂದು ಕಟ್ಟು ಬೈಟ್‌ಗಳು) ಮರಳಿ ಸಿಗುವವರೆಗೆ ಹಿಂದೆ ಬಂದು ನಿಂತಿರುವ ಹೊಸ ಅಳತೆಗಳನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಉಷ್ಣತೆಗೆ, ಕಳೆದದ್ದನ್ನು ಹುಡುಕುವ ಗೋಜಿಗೇ ಹೋಗದ ಯುಡಿಪಿ ಹೇಳಿ ಮಾಡಿಸಿದಂತಿದೆ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಹಾಕಿ. ಯುಡಿಪಿಯಲ್ಲಿ ಹಿಂದಿನದು ಮುಂದಿನದಾಗಿ ಬರಬಹುದು, ಎರಡು ಬಾರಿಯೂ ಬರಬಹುದು. ಪರದೆಯಲ್ಲಿರುವ ಸಂಖ್ಯೆಗಿಂತ ಚಿಕ್ಕದು ಬಂದರೆ ಎಸೆದುಬಿಡಿ. ಸಂದೇಶವನ್ನು 1472 ಬೈಟ್‌ಗಳ ಒಳಗೆ ಇಟ್ಟುಕೊಳ್ಳಿ, ಆಗ ಸಾಮಾನ್ಯ ಈಥರ್ನೆಟ್‌ನಲ್ಲಿ ಅದು ತುಂಡಾಗದೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸೆಕೆಂಡು ಏನೂ ಬರದಿದ್ದರೆ ಪರದೆಯ ಅಂಕಿ ಬೂದುಬಣ್ಣಕ್ಕೆ ತಿರುಗಲಿ. ಹತ್ತು ನಿಮಿಷ ಹಿಂದಿನ 640 ಡಿಗ್ರಿ, ಈಗಿನದೆಂಬಂತೆ ಹಸಿರಾಗಿ ಮಿನುಗುತ್ತಾ ಕೂರುವುದಕ್ಕಿಂತ ಖಾಲಿ ಪರದೆ ಲೇಸು.

ಮಲ್ಟಿಕಾಸ್ಟ್ ಬಳಸಲೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಐವತ್ತು ಪರದೆಗಳಿದ್ದರೆ 239ರಿಂದ ಆರಂಭವಾಗುವ ಒಂದು ಗುಂಪು ವಿಳಾಸ ಆರಿಸಿಕೊಂಡು ಒಮ್ಮೆ ಕಳುಹಿಸಿದರೆ ಎಲ್ಲರಿಗೂ ಸಿಗುತ್ತದೆ. ನಿಮ್ಮಲ್ಲಿರುವುದು ಐದು. ಒಂದೊಂದಕ್ಕೂ ಬೇರೆಬೇರೆಯಾಗಿ ಕಳುಹಿಸಿದರೂ ಸೆಕೆಂಡಿಗೆ ಐವತ್ತು ಪುಟ್ಟ ಪ್ಯಾಕೆಟ್‌ಗಳು, ಸ್ವಿಚ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಾಳೆ ಯಾರಾದರೂ ಒಂದು ಪರದೆಯನ್ನು ವೈಫೈಗೆ ಸಾಗಿಸಿದರೂ ಇದೇ ಒಳ್ಳೆಯದು. ವೈಫೈಯಲ್ಲಿ ಒಬ್ಬರಿಗೇ ಕಳುಹಿಸಿದ ಪ್ಯಾಕೆಟ್‌ಗೆ ಸ್ವೀಕೃತಿ, ಅಂದರೆ ತಲುಪಿತೆಂಬ ಮರುಸುದ್ದಿ, ಇರುತ್ತದೆ, ಮಲ್ಟಿಕಾಸ್ಟ್‌ಗೆ ಇರುವುದಿಲ್ಲ. ಕಳೆದದ್ದು ಕಳೆದೇ ಹೋಗುತ್ತದೆ.

ಇನ್ನು ‘ನಿಲ್ಲಿಸು’. ಇದು ಕಳೆದುಹೋಗುವಂತಿಲ್ಲ. ಇದಕ್ಕೆ ಟಿಸಿಪಿ ಇರಲಿ, ಅಥವಾ ಅದರ ಮೇಲೆ ಕೂತ, ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿ ಇರಲಿ, ನನ್ನ ತಕರಾರಿಲ್ಲ. ಆದರೆ ಕಳುಹಿಸುವ ಫಂಕ್ಷನ್ ‘ಸರಿ’ ಎಂದು ಮರಳಿತೆಂದು ಕೈ ಕೊಡವಿಕೊಳ್ಳಬೇಡಿ. ನಿಮ್ಮದೇ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಆ ಬೈಟ್‌ಗಳನ್ನು ಇಸಿದುಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಕುಲುಮೆಯ ಕಡೆಯ ಪ್ರೋಗ್ರಾಂ ನಿಲ್ಲಿಸಿದ ಮೇಲೆ ತಾನಾಗಿ ‘ನಿಂತಿತು’ ಎಂದು ಮರುಸಂದೇಶ ಕಳುಹಿಸಬೇಕು. ಅದು ಬರುವವರೆಗೆ ಪರದೆ ‘ನಿಲ್ಲಿಸಲಾಗುತ್ತಿದೆ’ ಎಂದೇ ಹೇಳಬೇಕು. ಬರದಿದ್ದರೆ ಮತ್ತೆ ಕಳುಹಿಸಿ. ‘ನಿಲ್ಲಿಸು’ ಎಂದು ಎರಡು ಬಾರಿ ಹೇಳಿದರೆ ಕೇಡಿಲ್ಲ. ‘ಹತ್ತು ಡಿಗ್ರಿ ಏರಿಸು’ ಎಂದು ಎರಡು ಬಾರಿ ಹೇಳಿದರೆ ಇಪ್ಪತ್ತು ಏರುತ್ತದೆ. ಹಾಗಾಗಿ ಅಂಥ ಆಜ್ಞೆಗಳಿದ್ದರೆ ‘650ರಲ್ಲಿ ಇಡು’ ಎಂದು ಬದಲಿಸಿಕೊಳ್ಳಿ. ಹೀಗೆ ಪುನರುಚ್ಚರಿಸಬಹುದಾದ ಆಜ್ಞೆಗಳನ್ನು ಮೊದಲೇ ರೂಪಿಸಿಕೊಂಡರೆ ಅರ್ಧ ತಲೆನೋವು ಹುಟ್ಟುವುದೇ ಇಲ್ಲ.

ನಡುವೆ ಒಂದು ಮಾತು. ಪ್ರಾಣಾಪಾಯದ ಸಂದರ್ಭದ ನಿಲುಗಡೆ ಲ್ಯಾನ್ ಮೇಲೆ ಇರಕೂಡದು. ಅದು ಕುಲುಮೆಯ ವಿದ್ಯುತ್ತನ್ನೇ ಕಡಿಯುವ, ಗೋಡೆಯ ಮೇಲಿನ ಕೆಂಪು ಗುಂಡಿಯಾಗಿರಬೇಕು. ಅದು ಇದೆ ಎಂದುಕೊಂಡೇ ಇಷ್ಟೆಲ್ಲ ಬರೆದಿದ್ದೇನೆ.

ಎರಡೆರಡು ದಾರಿ ಬೇಡ, ಒಂದೇ ಸಾಕು ಎನ್ನುವುದಾದರೆ ಎರಡಕ್ಕೂ ಟಿಸಿಪಿ ಇಡಿ. ಕೇಬಲ್ ನೆಟ್ಟಗಿರುವ ಸ್ವಿಚ್‌ನಲ್ಲಿ ಪ್ಯಾಕೆಟ್ ಕಳೆಯುವುದೇ ಅಪರೂಪ, ಉಷ್ಣತೆ ತುಸು ತಡವಾದರೂ ನಿಮಗೆ ಗೊತ್ತಾಗಲಾರದು. ಇನ್ನು ಫೋಲ್ಡರ್: ಬರೆಯುವವನು ಬರೆದು ಮುಗಿಸುವ ಮೊದಲೇ ಓದುವವನು ಇಣುಕುವುದರಿಂದ ಅರ್ಧ ಸಾಲು ಬರುತ್ತಿದೆ. ಬೇರೆ ಹೆಸರಿನಲ್ಲಿ ಬರೆದು ಮುಗಿಸಿ, ಕೊನೆಯಲ್ಲಿ ಹೆಸರು ಬದಲಿಸಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ದಿನಕ್ಕೊಂದು ವರದಿ ಸಾಗಿಸಲು ಫೋಲ್ಡರ್ ಬಲು ಒಳ್ಳೆಯ ಉಪಾಯ, ಅದನ್ನು ಹೀಗಳೆಯುವವನಿಗೆ ಕೆಲಸ ಕಡಿಮೆ. ಸೆಕೆಂಡಿಗೆ ಹತ್ತು ಬಾರಿಯ ಮಾತುಕತೆಗೆ ಅದು ತಕ್ಕದ್ದಲ್ಲ.

ಪ್ರಶ್ನೆ: ಟಿಸಿಪಿಯಲ್ಲಿ ನೂರು ಸಂದೇಶ ಕಳುಹಿಸಿದರೆ ಆ ಕಡೆ ಎಪ್ಪತ್ತು ಚಿಲ್ಲರೆ ಬರುತ್ತವೆ. ಕೆಲವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವು ಅರ್ಧ. ಎರಡೂ ಪ್ರೋಗ್ರಾಂಗಳನ್ನು ಒಂದೇ ಕಂಪ್ಯೂಟರಿನಲ್ಲಿ ಓಡಿಸಿದರೆ ಎಲ್ಲ ಸರಿ. ಟಿಸಿಪಿ ನಂಬಿಕಸ್ಥ ಎನ್ನುತ್ತಾರಲ್ಲ?

ಉತ್ತರ: ನಿಮ್ಮ ಪತ್ರ ಓದಿ ನನ್ನ ಹಳೆಯ ಗಾಯ ತುರಿಸಿತು. ನನ್ನ ಮೊದಲ ಸಾಕೆಟ್ (ಪ್ರೋಗ್ರಾಂ ಜಾಲದೊಡನೆ ಮಾತಾಡುವ ಕಿಂಡಿ) ಪ್ರೋಗ್ರಾಂ ಇದೇ ರೋಗದಿಂದ ನರಳಿತ್ತು. ನಾನು ಕೇಬಲ್ ಬದಲಿಸಿದೆ. ಸ್ವಿಚ್ಚನ್ನು ಬೈದೆ, ಅದನ್ನೂ ಬದಲಿಸಿದೆ. ಕೊನೆಗೆ ಪ್ರತಿ ಸಂದೇಶದ ನಂತರ 50 ಮಿಲಿಸೆಕೆಂಡು ಸುಮ್ಮನಿರುವ ಒಂದು ಸಾಲು ಸೇರಿಸಿದೆ, ರೋಗ ಮಾಯವಾಯಿತು. ಎರಡು ವಾರ ಬೀಗುತ್ತಾ ಓಡಾಡಿದೆ. ಜಾಲದಲ್ಲಿ ದಟ್ಟಣೆ ಹೆಚ್ಚಾದ ಮೊದಲ ದಿನವೇ ಅದು ಮರಳಿ ಬಂತು.

ತಪ್ಪು ನನ್ನದಾಗಿತ್ತು, ಈಗ ನಿಮ್ಮದು. ಟಿಸಿಪಿಗೆ ‘ಸಂದೇಶ’ ಎಂಬುದೇ ಗೊತ್ತಿಲ್ಲ. ಅದು ಮಾತು ಕೊಟ್ಟಿರುವುದು ಬೈಟ್‌ಗಳು ಕ್ರಮ ತಪ್ಪದೆ, ಸಂಪರ್ಕ ಮುರಿಯುವವರೆಗೆ ಒಂದೂ ಬಿಡದೆ ತಲುಪುತ್ತವೆ ಎಂದು. ನೀವು ಎರಡು ಕೊಡ ನೀರನ್ನು ಕಾಲುವೆಗೆ ಸುರಿದು, ಕೆಳಗೆ ನಿಂತವರಿಗೆ ‘ಮೊದಲ ಕೊಡದ ನೀರನ್ನು ಮಾತ್ರ ಮೊಗೆದುಕೊಳ್ಳಿ’ ಎನ್ನುತ್ತಿದ್ದೀರಿ. ಎಪ್ಪತ್ತು ಚಿಲ್ಲರೆ ಎಂದರೆ ಏನೂ ಕಳೆದಿಲ್ಲ, ನೂರೂ ಬಂದಿವೆ. ಎಲ್ಲಿ ಕತ್ತರಿಸಬೇಕೆಂದು ನೀವು ಹೇಳಿಲ್ಲ, ಅಷ್ಟೆ. ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ನಾಲ್ಕು ಬೈಟ್‌ಗಳಲ್ಲಿ ಬರೆಯಿರಿ. ಓದುವವನು ಮೊದಲು ಆ ನಾಲ್ಕೂ ಸಿಗುವವರೆಗೆ ಓದಲಿ, ನಂತರ ಅಷ್ಟೂ ಬೈಟ್ ಸಿಗುವವರೆಗೆ ಓದುತ್ತಲೇ ಇರಲಿ. ಬರಿಯ ಪಠ್ಯವಾದರೆ ಸಾಲಿಗೊಂದು ಸಂದೇಶ ಎಂದು ಹೊಸಸಾಲಿನ ಅಕ್ಷರವನ್ನೇ ಗಡಿಯಾಗಿಸಿ. ಉದ್ದಕ್ಕೆ ಒಂದು ಮಿತಿಯೂ ಇರಲಿ. ಯಾವುದೋ ಅಡ್ಡಾದಿಡ್ಡಿ ಬೈಟ್‌ಗಳನ್ನು ಉದ್ದವೆಂದು ನಂಬಿ ನಾಲ್ಕು ಜಿಬಿ ಮೆಮೊರಿ ಕೇಳಿದ ಪ್ರೋಗ್ರಾಂ ನನ್ನ ಕಣ್ಣೆದುರೇ ಸತ್ತಿದೆ.

ಉದ್ದವನ್ನೂ ಒಡಲನ್ನೂ ಬೇರೆಬೇರೆಯಾಗಿ ಕಳುಹಿಸಬೇಡಿ, ಕೂಡಿಸಿ ಒಮ್ಮೆಗೇ ಕಳುಹಿಸಿ. ಇಲ್ಲದಿದ್ದರೆ ಪ್ರತಿ ಉತ್ತರವೂ 40 ಅಥವಾ 200 ಮಿಲಿಸೆಕೆಂಡು ತಡವಾಗುತ್ತಿದೆ ಎಂದು ಮುಂದಿನ ತಿಂಗಳು ಬರೆಯುತ್ತೀರಿ. ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಜಾಲ ತುಂಬದಿರಲೆಂದು 1984ರಲ್ಲಿ ಜಾನ್ ನೇಗಲ್ ಸೂಚಿಸಿದ ಉಪಾಯವೊಂದಿದೆ: ಹಿಂದಿನದಕ್ಕೆ ಸ್ವೀಕೃತಿ ಬರುವವರೆಗೆ ಮುಂದಿನ ಚೂರನ್ನು ತಡೆಹಿಡಿಯುವುದು. ಆ ಕಡೆಯ ಕಂಪ್ಯೂಟರ್ ಸ್ವೀಕೃತಿಯನ್ನು ಬೇಕೆಂದೇ ಸ್ವಲ್ಪ ತಡ ಮಾಡುತ್ತದೆ. ‘ನೀವು ಮೊದಲು’ ‘ಇಲ್ಲ, ನೀವೇ ಮೊದಲು’ ಎಂದು ಬಾಗಿಲಲ್ಲಿ ನಿಂತ ಇಬ್ಬರು ಸಭ್ಯರಂತೆ ಎರಡೂ ಕಾಯುತ್ತವೆ. ಕೂಡಿಸಿ ಕಳುಹಿಸಿದ ಮೇಲೂ ತಡವೆನಿಸಿದರೆ ಸಾಕೆಟ್‌ನ ‘ನೋಡಿಲೇ’ (TCP_NODELAY) ಆಯ್ಕೆಯನ್ನು ಹಚ್ಚಿ, ಆ ತಡೆ ತಪ್ಪುತ್ತದೆ.

ಪ್ರಶ್ನೆ: 1 ಎಂದು ಕಳುಹಿಸಿದರೆ ಆ ಕಡೆ 16777216 ಎಂದು ಬರುತ್ತದೆ. ಏನಿದು ಮಾಯೆ?

ಉತ್ತರ: ನಾಲ್ಕು ಬೈಟ್‌ಗಳನ್ನು ನೀವು ಎಡದಿಂದ ಬರೆದಿರಿ, ಅವರು ಬಲದಿಂದ ಓದಿದರು. ಜಾಲದಲ್ಲಿ ದೊಡ್ಡ ಬೆಲೆಯ ಬೈಟ್ ಮೊದಲು ಹೋಗುವುದು ರೂಢಿ. ನಿಮ್ಮ ಪ್ರೊಸೆಸರ್ ಬಹುಶಃ ಚಿಕ್ಕದನ್ನು ಮೊದಲಿಡುವ ಜಾತಿಯದು. ಎರಡೂ ಕಡೆ ಪರಿವರ್ತನೆಯ ಫಂಕ್ಷನ್ ಬಳಸಿ.

ಪ್ರಶ್ನೆ: ಸರ್ವರಿನ ಕೇಬಲ್ ಕಿತ್ತು ಅರ್ಧ ಗಂಟೆಯಾದರೂ ನನ್ನ ಪ್ರೋಗ್ರಾಂ ‘ಸಂಪರ್ಕ ಇದೆ’ ಎಂದೇ ತೋರಿಸುತ್ತಿತ್ತು. ಇದು ದೋಷವೇ?

ಉತ್ತರ: ಅಲ್ಲ, ಅದು ಹಾಗೆಯೇ ಇರುವುದು. ಟಿಸಿಪಿ ಸಂಪರ್ಕವೆಂದರೆ ಎರಡು ಕಂಪ್ಯೂಟರ್‌ಗಳ ನೆನಪಿನಲ್ಲಿರುವ ಒಂದು ಒಪ್ಪಂದ. ಯಾರೂ ಮಾತಾಡದಿದ್ದರೆ ತಂತಿಯ ಮೇಲೆ ಏನೂ ಹರಿಯುವುದಿಲ್ಲ. ಏನೂ ಹರಿಯದಿದ್ದಾಗ ತಂತಿ ಇದ್ದರೇನು, ಹೋದರೇನು? ಕೀಪ್‌ಅಲೈವ್ ಎಂಬ ಸೌಲಭ್ಯವಿದೆ ಎಂದು ಯಾರಾದರೂ ಹೇಳಿರುತ್ತಾರೆ. ಅದು ತಾನಾಗಿ ಆನ್ ಆಗಿರುವುದಿಲ್ಲ, ಆನ್ ಮಾಡಿದರೂ ಸಾಮಾನ್ಯವಾಗಿ ಮೊದಲ ವಿಚಾರಣೆ ಹೊರಡುವುದು ಎರಡು ಗಂಟೆಗಳ ಮೌನದ ನಂತರ. ಆ ಅವಧಿಯನ್ನು ಇಳಿಸಬಹುದು, ಆದರೂ ನಾನು ಅದನ್ನು ನೆಚ್ಚುವುದಿಲ್ಲ: ಆ ಕಡೆಯ ಪ್ರೋಗ್ರಾಂ ಸಿಕ್ಕಿಹಾಕಿಕೊಂಡು ನಿಂತಿದ್ದರೂ ಆಪರೇಟಿಂಗ್ ಸಿಸ್ಟಂ ಅದರ ಪರವಾಗಿ ‘ಇದ್ದೇನೆ’ ಎಂದು ಉತ್ತರಿಸುತ್ತದೆ. ನಿಮ್ಮ ಪ್ರೋಗ್ರಾಂಗಳೇ ಎರಡು ಸೆಕೆಂಡಿಗೊಮ್ಮೆ ಒಂದು ಪುಟ್ಟ ‘ಇದ್ದೇನೆ’ ವಿನಿಮಯ ಮಾಡಿಕೊಳ್ಳಲಿ. ಸತತ ಮೂರು ತಪ್ಪಿದರೆ ಸಂಪರ್ಕ ಮುಚ್ಚಿ, ಹೊಸದಾಗಿ ಜೋಡಿಸಿ. ಮರುಜೋಡಣೆಗೆ ಮೊದಲು ತುಸು ಕಾಯಿರಿ, ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ಹೆಚ್ಚಿಸಿ. ಇಲ್ಲವಾದರೆ ಸರ್ವರ್ ಎದ್ದ ಕೂಡಲೇ ಎಲ್ಲರೂ ಒಟ್ಟಿಗೆ ಬಾಗಿಲು ಬಡಿದು ಅದನ್ನು ಮತ್ತೆ ಮಲಗಿಸುತ್ತಾರೆ.

ಪ್ರಶ್ನೆ: ಗೆಳೆಯನೊಬ್ಬ ‘ಸಾಕೆಟ್ ಗೀಕೆಟ್ ಬಿಡು, ಜಿಆರ್‌ಪಿಸಿ ಹಾಕು, ಮಾಮೂಲಿ ಫಂಕ್ಷನ್ ಕರೆದಂತೆಯೇ ಇರುತ್ತದೆ’ ಎನ್ನುತ್ತಾನೆ. ಇನ್ನೊಬ್ಬನದು ಎಂಕ್ಯುಟಿಟಿ ಜಪ. ಯಾರ ಮಾತು ಕೇಳಲಿ?

ಉತ್ತರ: ಮೊದಲ ಗೆಳೆಯ ಹೇಳಿದ್ದರಲ್ಲಿ ‘ಕರೆದಂತೆಯೇ ಇರುತ್ತದೆ’ ಎಂಬ ಭಾಗವನ್ನು ಮರೆತುಬಿಡಿ, ಉಳಿದದ್ದು ಒಳ್ಳೆಯ ಸಲಹೆ. ದೂರದ ಕಂಪ್ಯೂಟರಿನ ಕೆಲಸವನ್ನು ಫಂಕ್ಷನ್‌ನಂತೆ ಕಾಣಿಸುವ ಆಸೆ ಹಳೆಯದು; ಕಂಪ್ಯೂಟರ್ ಸಂಶೋಧಕರಾದ ಬಿರೆಲ್ ಮತ್ತು ನೆಲ್ಸನ್ ಅದನ್ನು ಹೇಗೆ ಕಟ್ಟುವುದೆಂದು 1984ರಲ್ಲೇ ಬರೆದಿದ್ದಾರೆ. ಆಮೇಲೆ ಅದೇ ಆಸೆಯ ಕೋರ್ಬಾ ಬಂತು, ಡಿಕಾಮ್ ಬಂತು, ಜಾವಾದ ಆರ್‌ಎಂಐ ಬಂತು. ಸಿಕ್ಕು ಇರುವುದು ಒಂದೇ ಜಾಗದಲ್ಲಿ. ನಿಮ್ಮದೇ ಪ್ರೋಗ್ರಾಂ ಒಳಗಿನ ಫಂಕ್ಷನ್ ಮರಳದಿದ್ದರೆ ಅದು ಇನ್ನೂ ಕೆಲಸದಲ್ಲಿದೆ ಎಂದೇ ಅರ್ಥ. ದೂರದ್ದು ಮರಳದಿದ್ದರೆ ಕೋರಿಕೆ ಹೋಗಲೇ ಇಲ್ಲವೋ, ಹೋಗಿ ಕೆಲಸವಾಗಿ ಉತ್ತರ ಮಾತ್ರ ಕಳೆಯಿತೋ, ಇಲ್ಲವೇ ಬರಿದೇ ತಡವೋ, ಇಲ್ಲಿ ಕುಳಿತ ನಿಮಗೆ ತಿಳಿಯುವ ದಾರಿಯಿಲ್ಲ. ಜಿಆರ್‌ಪಿಸಿಯಲ್ಲಿ ನೀವು ಗಡುವು ಕೊಡದಿದ್ದರೆ ಅದು ತಾನಾಗಿ ಹಾಕಿಕೊಳ್ಳುವುದಿಲ್ಲ. ಪ್ರತಿ ಕರೆಗೂ ಗಡುವು ಕೊಡಿ, ಗಡುವು ಮೀರಿದರೆ ಏನೆಂಬುದನ್ನೂ ಆಗಲೇ ಬರೆಯಿರಿ.

ಅದರ ನಿಜವಾದ ಲಾಭ ಬೇರೆ. ಸಂದೇಶದ ಆಕಾರವನ್ನು ಒಂದು ಫೈಲಿನಲ್ಲಿ ಬರೆದಿಡುತ್ತೀರಿ, ಪ್ರತಿ ಅಂಶಕ್ಕೂ ಒಂದು ಸಂಖ್ಯೆ ಇರುತ್ತದೆ. ಹಳೆಯ ಪ್ರೋಗ್ರಾಂ ತನಗೆ ಗೊತ್ತಿಲ್ಲದ ಸಂಖ್ಯೆಯನ್ನು ದಾಟಿ ಮುಂದೆ ಹೋಗುತ್ತದೆ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಕ್ಷಣದಲ್ಲಿ ಹೊಸ ಆವೃತ್ತಿ ಹಾಕಲು ಯಾರಿಂದಲೂ ಆಗದು, ಆಗ ಇದರ ಬೆಲೆ ತಿಳಿಯುತ್ತದೆ. ಅಳಿಸಿದ ಅಂಶದ ಸಂಖ್ಯೆಯನ್ನು ಮಾತ್ರ ಎಂದೂ ಬೇರೊಂದಕ್ಕೆ ಕೊಡಬೇಡಿ. ಎರಡೇ ಪ್ರೋಗ್ರಾಂ, ಎರಡೂ ನಿಮ್ಮವೇ ಎಂದಾದರೆ ನಾನು ಎಚ್‌ಟಿಟಿಪಿ ಮತ್ತು ಜೇಸನ್ (ದತ್ತಾಂಶವನ್ನು ಬರಿಯ ಪಠ್ಯವಾಗಿ ಬರೆಯುವ ರೀತಿ) ಹಾಕುತ್ತೇನೆ. ಬ್ರೌಸರ್ ತೆರೆದು ಉತ್ತರವನ್ನು ಕಣ್ಣಾರೆ ಓದಬಹುದು. ರಾತ್ರಿ ಕೆಟ್ಟು ನಿಂತಾಗ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎಂಕ್ಯುಟಿಟಿ 1999ರಲ್ಲಿ ತೈಲ ಕೊಳವೆಗಳ ಮೇಲ್ವಿಚಾರಣೆಗಾಗಿ ಹುಟ್ಟಿದ್ದು. ಕಳುಹಿಸುವವರು, ಪಡೆಯುವವರು ಇಬ್ಬರೂ ನಡುವಿನ ಬ್ರೋಕರ್ ಒಬ್ಬನೊಂದಿಗೆ ಮಾತಾಡುತ್ತಾರೆ, ಪರಸ್ಪರ ವಿಳಾಸ ಬೇಕಿಲ್ಲ. ಕೊನೆಯ ಸಂದೇಶವನ್ನು ಬ್ರೋಕರ್ ಹಿಡಿದಿಟ್ಟುಕೊಳ್ಳುವಂತೆ ಹೇಳಿದರೆ ತಡವಾಗಿ ಎದ್ದ ಪರದೆಗೂ ಅದು ತಕ್ಷಣ ಸಿಗುತ್ತದೆ. ಹಲವು ಸಂವೇದಕಗಳು, ಆಗಾಗ ಬಂದುಹೋಗುವ ಪರದೆಗಳು ಇದ್ದರೆ ಎರಡನೆಯ ಗೆಳೆಯ ಸರಿ. ‘ಕನಿಷ್ಠ ಒಮ್ಮೆ’ ಎಂಬ ಒಂದನೆಯ ಮಟ್ಟದಲ್ಲಿ ಸಂದೇಶ ಎರಡು ಬಾರಿ ಬರಬಹುದು, ಮೇಲೆ ಹೇಳಿದ ‘650ರಲ್ಲಿ ಇಡು’ ಇಲ್ಲಿಯೂ ಬೇಕು. ಬ್ರೋಕರ್ ಬಿದ್ದರೆ ಎಲ್ಲರೂ ಮೂಕರು, ಅದನ್ನು ಯಾರು ಎಬ್ಬಿಸುತ್ತಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನನ್ನ ಸರ್ವರ್ ನನ್ನ ಕಂಪ್ಯೂಟರಿನಿಂದ ಸಿಗುತ್ತದೆ, ಪಕ್ಕದ ಮೇಜಿನಿಂದ ಸಿಗುವುದಿಲ್ಲ.

ಉತ್ತರ: ಅದು ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡುವ 127.0.0.1 ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ, ಆ ವಿಳಾಸಕ್ಕೆ ಹೊರಗಿನ ಮಾತು ಕೇಳುವುದೇ ಇಲ್ಲ. ನಿಮ್ಮ ಲ್ಯಾನ್ ಕಾರ್ಡಿನ ವಿಳಾಸವನ್ನು ಕೊಡಿ. 0.0.0.0 ಕೊಟ್ಟರೂ ನಡೆಯುತ್ತದೆ, ಆದರೆ ಆಗ ಪ್ರತಿ ಕಾರ್ಡಿನ ಬಾಗಿಲೂ ತೆರೆಯುತ್ತದೆ. ಗುಪ್ತಪದವಿಲ್ಲದ ಸರ್ವರ್‌ಗೆ ಅದು ಬೇಡ. ಆಮೇಲೂ ಸಿಗದಿದ್ದರೆ ಬರುವ ದೋಷವನ್ನು ಗಮನಿಸಿ. ‘ಸಂಪರ್ಕ ನಿರಾಕರಿಸಲಾಗಿದೆ’ ಎಂದು ಥಟ್ಟನೆ ಬಂದರೆ ಕಂಪ್ಯೂಟರ್ ಸಿಕ್ಕಿದೆ, ಆ ಪೋರ್ಟ್‌ನಲ್ಲಿ (ಪ್ರೋಗ್ರಾಂ ಕಿವಿಗೊಡುವ, ಸಂಖ್ಯೆ ಹಾಕಿದ ಬಾಗಿಲಿನಲ್ಲಿ) ಯಾರೂ ಇಲ್ಲ: ಪೋರ್ಟ್ ಸಂಖ್ಯೆ ನೋಡಿ. ಬಹಳ ಹೊತ್ತು ಕಾದು ಕಾದು ಸೋತರೆ ಹೆಚ್ಚಾಗಿ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗುತ್ತಿರುತ್ತದೆ: ಆ ಒಂದು ಪೋರ್ಟನ್ನು ಮಾತ್ರ ತೆರೆಯಿರಿ, ಇಡೀ ಫೈರ್‌ವಾಲನ್ನು ಆಫ್ ಮಾಡಬೇಡಿ.